ಬಾಡಿಗೆ ಬಾಕಿ 38,000, ಮಾಲೀಕರ ಬಳಿ ನಮ್ಮ ಅಡ್ವಾನ್ಸ್ 70,000: ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮುಖ್ಯಮಂತ್ರಿಗಳು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ವಿಷಯ: ಬಾಡಿಗೆ ಬಾಕಿ ಉಳಿಸಿಕೊಂಡ ಕುಟುಂಬಗಳಿಗೆ ಕಾಲಾವಕಾಶ ಮತ್ತು ರಕ್ಷಣೆ ಒದಗಿಸುವ ಕುರಿತು.

ನಾನು ಬೆಂಗಳೂರಿನ ಲಗ್ಗೆರೆಯಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಅನುದಾನರಹಿತ ಖಾಸಗಿ ಶಾಲೆಯೊಂದರಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಏಪ್ರಿಲ್, ಮೇ, ಜೂನ್, ಜುಲೈ, ಹೀಗೆ ನಾಲ್ಕು ತಿಂಗಳ ಬಾಡಿಗೆಯನ್ನು ನಾವು ಕೊಟ್ಟಿಲ್ಲ. ತಿಂಗಳಿಗೆ 9,500ರಂತೆ ಒಟ್ಟು 38,000 ರೂಪಾಯಿ. ಈ ಹಣವನ್ನು ಕೊಡಬೇಕಾದವರು ನಾವೇ, ಅದರಲ್ಲಿ ಎರಡು ಮಾತಿಲ್ಲ. ಬಾಕಿ ಮನ್ನಾ ಮಾಡಿಸಿಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ.

ಈಗ ಆಷಾಢ ನಡೆಯುತ್ತಿದೆ. ಆಷಾಢದಲ್ಲಿ ಯಾರೂ ಹೊಸ ಮನೆಗೆ ಹಾಲು ಉಕ್ಕಿಸಲು ಬರುವುದಿಲ್ಲ. ಶ್ರಾವಣ ಹುಟ್ಟಿದ ಕೂಡಲೇ ಮನೆ ಕೇಳಿಕೊಂಡು ಬರುವವರು ಹೆಚ್ಚುತ್ತಾರೆ. ಆ ಹೊತ್ತಿಗೆ ಮನೆ ಖಾಲಿಯಾಗಿ, ಸುಣ್ಣ ಬಣ್ಣ ಮುಗಿದಿರಬೇಕು ಎಂದು ನಮ್ಮ ಮಾಲೀಕರು ಹೇಳಿದ್ದಾರೆ. ಅಂದರೆ ನಮಗಿರುವುದು ಇನ್ನು ಕೆಲವೇ ದಿನ. ಈ ದಿನಗಳಲ್ಲಿ ನಾನು ಪೊಲೀಸ್ ಠಾಣೆಗೆ ಹೋಗಿ ಬಂದೆ, ವಾರ್ಡ್ ಕಚೇರಿಯಲ್ಲಿ ವಿಚಾರಿಸಿದೆ, ವಕೀಲರನ್ನು ಕಂಡೆ. ಬಾಡಿಗೆ ಬಾಕಿ ಬಿದ್ದ ಕುಟುಂಬವೂ ಅದರ ಮನೆಯ ಮಾಲೀಕರೂ ಒಟ್ಟಿಗೆ ಹೋಗಿ ಕುಳಿತು, ಲೆಕ್ಕ ಮಾಡಿ, ಇಷ್ಟು ದಿನದೊಳಗೆ ಇಷ್ಟು ಕೊಡತಕ್ಕದ್ದು ಎಂದು ಬರೆಸಿಕೊಳ್ಳಬಹುದಾದ ಒಂದು ಕಚೇರಿ ನನಗೆ ಎಲ್ಲಿಯೂ ಸಿಗಲಿಲ್ಲ. ಆದ್ದರಿಂದ ತಮಗೆ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಬಾಕಿ ಹೇಗೆ ಬಿತ್ತು ಎಂಬುದನ್ನು ಮೊದಲು ಹೇಳುತ್ತೇನೆ. ನನ್ನ ಪತಿ ಪೀಣ್ಯದಲ್ಲಿ ಲೇತ್ ಮೆಷಿನ್ ಮೇಲೆ ಇಪ್ಪತ್ತೆರಡು ವರ್ಷ ದುಡಿದವರು. ಆರ್ಡರ್ ಇಲ್ಲವೆಂದು ಅವರಿದ್ದ ಸಣ್ಣ ಶೆಡ್ ಫೆಬ್ರುವರಿಯಲ್ಲಿ ಮುಚ್ಚಿತು. ಈಗ ಬೇರೊಂದು ಕಡೆ ದಿನಗೂಲಿ, ವಾರಕ್ಕೆ ಮೂರು ದಿನವೋ ನಾಲ್ಕು ದಿನವೋ. ನಾನಿರುವ ಶಾಲೆಯಲ್ಲಿ ವರ್ಷಕ್ಕೆ ಹತ್ತು ತಿಂಗಳ ಸಂಬಳ ಮಾತ್ರ. ಏಪ್ರಿಲ್, ಮೇ ರಜೆಗೆ ಸಂಬಳವಿಲ್ಲ. ಖಾಸಗಿ ಶಾಲೆಗಳಲ್ಲಿ ಇದು ಎಷ್ಟು ಹಳೆಯ ರೂಢಿ ಎಂದರೆ ಸೇರುವಾಗ ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ, ನಾವು ಕೇಳುವುದೂ ಇಲ್ಲ. ಹಿಂದಿನ ವರ್ಷಗಳಲ್ಲಿ ಆ ಎರಡು ತಿಂಗಳನ್ನು ಪತಿಯ ದುಡಿಮೆಯಿಂದ ದಾಟುತ್ತಿದ್ದೆವು. ಈ ಬಾರಿ ಎರಡೂ ಕಡೆಯ ಆದಾಯ ಒಟ್ಟಿಗೆ ನಿಂತಿತು. ಮಾರ್ಚ್ ತಿಂಗಳ ಬಾಡಿಗೆಯನ್ನು ಚೀಟಿ ಎತ್ತಿ ಕೊಟ್ಟೆವು. ನನ್ನ ಎರಡು ಬಳೆ ಬ್ಯಾಂಕಿನಲ್ಲಿ ಅಡವಿದ್ದವು, ಇನ್ನು ಅಡವಿಡಲು ಏನೂ ಉಳಿದಿರಲಿಲ್ಲ. ಜೂನ್‌ನಲ್ಲಿ ಇಬ್ಬರು ಮಕ್ಕಳ ಶುಲ್ಕ, ಪುಸ್ತಕ. ಸಂಘದ ಸಾಲದ ಕಂತು ಪ್ರತಿ ಮಂಗಳವಾರ. ಅದನ್ನು ತಪ್ಪಿಸಿದರೆ ಗುಂಪಿನ ಉಳಿದ ಹೆಂಗಸರು ನನ್ನ ಪಾಲನ್ನೂ ಕಟ್ಟಬೇಕು. ಹಾಗಾಗಿ ಬಾಡಿಗೆಯನ್ನೇ ಹಿಂದಕ್ಕೆ ಹಾಕುತ್ತಾ ಬಂದೆವು. ಕೆಳಗಿನ ಮನೆಯಲ್ಲಿರುವ ಮಾಲೀಕರು ಪರಿಚಿತರು, ಸ್ವಲ್ಪ ತಾಳುತ್ತಾರೆ ಎಂಬ ಧೈರ್ಯವಿತ್ತು. ಅವರು ತಾಳಿದರು ಕೂಡ, ಮೂರು ತಿಂಗಳು.

ಆ ಹಿರಿಯರ ಬಗ್ಗೆ ನಾನು ಕೆಟ್ಟ ಮಾತಾಡಲಾರೆ. ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಭವಿಷ್ಯನಿಧಿಯಿಂದ ಬರುವ ಪಿಂಚಣಿ ಅವರಿಬ್ಬರ ಔಷಧಿಗೂ ಸಾಲದು. ನಾವಿರುವ ಮೇಲಂತಸ್ತನ್ನು ಸಾಲ ಮಾಡಿ ಕಟ್ಟಿಸಿದ್ದಾರೆ, ಅದರ ಕಂತು ಪ್ರತಿ ತಿಂಗಳು ನಮ್ಮ ಬಾಡಿಗೆಯಿಂದಲೇ ಹೋಗಬೇಕು. ನಾವು ಕೊಡದ ನಾಲ್ಕು ತಿಂಗಳು ಅವರೂ ಬ್ಯಾಂಕಿನಿಂದ ಕರೆ ಸ್ವೀಕರಿಸಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ನನಗೆ ಅರ್ಧ ಸಂಬಳ ಬರುತ್ತಿದ್ದಾಗ, "ಟೀಚರಮ್ಮ, ಶಾಲೆ ತೆರೆಯಲಿ, ಆಮೇಲೆ ನೋಡೋಣ" ಎಂದಿದ್ದವರು ಇವರೇ. ಅವರ ಹೆಸರನ್ನಾಗಲಿ ನನ್ನ ಹೆಸರನ್ನಾಗಲಿ ಇಲ್ಲಿ ಬರೆಯದಿರಲು ಅದೇ ಕಾರಣ.

ನಮ್ಮ ನಡುವೆ ಒಂದು ಬಾಡಿಗೆ ಪುಸ್ತಕವಿದೆ. ಅಂಗಿಯ ಜೇಬಿನಲ್ಲಿ ಹಿಡಿಯುವ ನೀಲಿ ರಟ್ಟಿನ ಪುಸ್ತಕ. ಅವರಿಗೆ ಮೊಬೈಲ್‌ನಲ್ಲಿ ಹಣ ತೆಗೆದುಕೊಳ್ಳುವುದು ರೂಢಿಯಿಲ್ಲ. ನಾನು ನಗದು ಕೊಡುತ್ತೇನೆ, ಅವರು ಎರಡು ಸಲ ಎಣಿಸುತ್ತಾರೆ, ತಿಂಗಳ ಹೆಸರು ಬರೆದು ಪಕ್ಕದಲ್ಲಿ ಕನ್ನಡದಲ್ಲೇ ಸಹಿ ಹಾಕುತ್ತಾರೆ. 2019ರ ಜೂನ್‌ನಿಂದ ಈ ವರ್ಷದ ಮಾರ್ಚ್‌ವರೆಗೆ ಒಂದೇ ಒಂದು ತಿಂಗಳು ಖಾಲಿಯಿಲ್ಲ. 2020ರಲ್ಲಿ ತಡವಾಗಿ ಕೊಟ್ಟ ತಿಂಗಳುಗಳ ಮುಂದೆ "ತಡ" ಎಂದು ಸಣ್ಣ ಅಕ್ಷರದಲ್ಲಿ ಬರೆದು ಸಹಿ ಹಾಕಿದ್ದಾರೆ. ಮಾರ್ಚ್‌ನ ಕೆಳಗೆ ಈಗ ಏಪ್ರಿಲ್ ಎಂದು ಬರೆದಿದೆ, ಪಕ್ಕದಲ್ಲಿ ಏನೂ ಇಲ್ಲ. ಮುಂದಿನ ತಿಂಗಳುಗಳ ಹೆಸರನ್ನು ಅವರು ಬರೆಯಲೇ ಇಲ್ಲ.

ಜುಲೈ ಎರಡರ ಬೆಳಿಗ್ಗೆ ನಮ್ಮ ಮನೆಯ ನಲ್ಲಿಯಲ್ಲಿ ನೀರು ಬರಲಿಲ್ಲ. ಕಾವೇರಿ ನೀರು ಬಾರದ ದಿನವಿರಬೇಕು ಎಂದುಕೊಂಡೆ. ಆದರೆ ಕೆಳಗಿನ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಟೆರೇಸಿಗೆ ಹೋಗಿ ನೋಡಿದರೆ, ಟ್ಯಾಂಕಿನಿಂದ ನಮ್ಮ ಮನೆಗೆ ಇಳಿಯುವ ಪೈಪಿನ ವಾಲ್ವ್ ಮುಚ್ಚಿತ್ತು. ಅದರ ಹಿಡಿಕೆಯನ್ನು ಕಳಚಿ ಒಯ್ದಿದ್ದರು. ಗಟ್ಟಿಯಾಗಿ ಕಚ್ಚಿಕೊಂಡ ಹಿತ್ತಾಳೆಯ ಮೊಳೆಯಷ್ಟೇ ಉಳಿದಿತ್ತು. ಬೆರಳಿನಿಂದ ತಿರುಗಿಸಲು ನೋಡಿದೆ, ಆಗಲಿಲ್ಲ. ಮೂರು ದಿನ ಮಗ ಮತ್ತು ನಾನು ಬೀದಿಯ ತುದಿಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಐದು ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿ ತಂದೆವು. ಕುಡಿಯಲು, ಅಡುಗೆಗೆ, ಶೌಚಕ್ಕೆ, ಎಲ್ಲಕ್ಕೂ ಅದೇ ನೀರು. ಒಂಬತ್ತನೆಯ ತರಗತಿಯ ಮಗಳು ಮೂರನೆಯ ದಿನ ಶಾಲೆಗೆ ಹೋಗುವುದಿಲ್ಲ ಎಂದಳು. ಯಾಕೆಂದು ನಾನು ಕೇಳಲಿಲ್ಲ, ಒಬ್ಬ ತಾಯಿಗೆ ಕೇಳದೆಯೇ ಗೊತ್ತಾಗುತ್ತದೆ. ನಾಲ್ಕನೆಯ ದಿನ ಮುಸ್ಸಂಜೆ ಮಾಲೀಕರ ಹೆಂಡತಿ ಮೊಣಕಾಲು ನೋವನ್ನೂ ಲೆಕ್ಕಿಸದೆ ಟೆರೇಸಿನವರೆಗೆ ಹತ್ತಿ ಬಂದು, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಹಿಡಿಕೆಯನ್ನು ಹಾಕಿ, ವಾಲ್ವ್ ತಿರುಗಿಸಿ, ನನ್ನ ಮುಖ ನೋಡದೆ ಇಳಿದು ಹೋದರು.

ಮಾನ್ಯರೇ, ನೀರು ನಿಂತ ಎರಡನೆಯ ದಿನ ನಾನು ಠಾಣೆಗೆ ಹೋಗಿದ್ದೆ. ಅಲ್ಲಿದ್ದವರು ಕೂಗಾಡಲಿಲ್ಲ, ಕುರ್ಚಿ ಕೊಟ್ಟರು, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎರಡು ಮಾತು ಹೇಳಿದರು. "ಇದು ಸಿವಿಲ್ ವಿಷಯ ಅಮ್ಮ, ನಾವು ಮಧ್ಯೆ ಬರುವುದಿಲ್ಲ." ಮರುಕ್ಷಣವೇ, "ನಾಲ್ಕು ತಿಂಗಳು ಬಾಡಿಗೆ ಕೊಡದಿದ್ದರೆ ಅವರು ತಾನೇ ಏನು ಮಾಡಬೇಕು, ಖಾಲಿ ಮಾಡಿಬಿಡಿ." ಸಿವಿಲ್ ವಿಷಯವಾದರೆ ಮನೆ ಬಿಡು ಎನ್ನುವುದು ನ್ಯಾಯಾಲಯದ ಕೆಲಸ. ನೀರು ನಿಲ್ಲಿಸಿ ಮನೆ ಬಿಡಿಸುವುದನ್ನು ನೋಡಿಯೂ ಸುಮ್ಮನಿರುವುದು, ಬಾಯಿಮಾತಿನಲ್ಲಿ ಖಾಲಿ ಮಾಡಿ ಎನ್ನುವುದು, ಇವೆರಡೂ ಸೇರಿದರೆ ಅದು ಮಧ್ಯೆ ಬಂದಂತೆಯೇ ಆಯಿತಲ್ಲವೇ? ನನ್ನ ಕೈಯಲ್ಲಿ ಒಂದು ಸ್ವೀಕೃತಿ ಚೀಟಿಯೂ ಇರಲಿಲ್ಲ.

ಇನ್ನು ಈ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದು ಅಡ್ವಾನ್ಸ್.

ನಾವು ಈ ಮನೆಗೆ ಬಂದಾಗ ಬಾಡಿಗೆ 7,000, ಅಡ್ವಾನ್ಸ್ ಹತ್ತು ತಿಂಗಳದ್ದು, 70,000. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು ಹೊಸದೇನಲ್ಲ, ಅದು ಯಾವ ಕಾಯ್ದೆಯಲ್ಲೂ ಬರೆದ ಪದ್ಧತಿಯೂ ಅಲ್ಲ. ಆ 70,000 ರೂಪಾಯಿ ಇವತ್ತಿಗೂ ಮಾಲೀಕರ ಬಳಿ ಇದೆ, ಅಂದರೆ ಪುಸ್ತಕದಲ್ಲಿ ಇದೆ. ನಮ್ಮ ಬಾಕಿ 38,000. ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ಇವತ್ತಿನ ದಿನವೂ 32,000 ರೂಪಾಯಿ ಅವರೇ ನಮಗೆ ಕೊಡಬೇಕು. ಆದರೂ ಊರಿನ ಕಣ್ಣಿಗೆ ಬಾಕಿದಾರರು ನಾವು.

ಹಾಗಿದ್ದರೆ ಲೆಕ್ಕ ಚುಕ್ತಾ ಮಾಡಿ ಬೇರೆ ಮನೆಗೆ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ಆ ಲೆಕ್ಕವನ್ನೂ ಮಾಡಿ ನೋಡಿದ್ದೇನೆ. ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ, 9,500. ಬಾಕಿಯೂ ಕಳೆದರೆ ನಮಗೆ ಬರುವುದು 22,500. ಇದೇ ಬಡಾವಣೆಯಲ್ಲಿ ಇಷ್ಟೇ ಅಗಲದ ಮನೆಗೆ ಈಗ 11,000 ಕೇಳುತ್ತಾರೆ. ಅಡ್ವಾನ್ಸ್ 1,10,000. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, 11,000. ಸಾಮಾನು ಸಾಗಿಸುವ ಟೆಂಪೊ ಮತ್ತು ಇಬ್ಬರು ಕೂಲಿಯವರಿಗೆ 4,000. ಒಟ್ಟು 1,25,000. ಬರಬೇಕಾದ 22,500 ಕಳೆದರೂ ನಮಗೆ 1,02,500 ರೂಪಾಯಿ ಕೊರತೆ. ಈ ಮನೆ ಉಳಿಸಿಕೊಳ್ಳಲು ಬೇಕಾದದ್ದು 38,000, ಬಿಟ್ಟು ಹೋಗಲು ಬೇಕಾದದ್ದು ಒಂದು ಲಕ್ಷಕ್ಕೂ ಹೆಚ್ಚು. ಬಾಡಿಗೆ ಕಟ್ಟಲಾಗದವರನ್ನು ನಾವು ಅದರ ಎರಡೂವರೆ ಪಟ್ಟಿಗೂ ಹೆಚ್ಚು ಹಣ ಹೊಂದಿಸು ಎಂದು ಹೊರಗೆ ಕಳುಹಿಸುತ್ತಿದ್ದೇವೆ.

ಆ 22,500 ಕೂಡ ಕೈಗೆ ಬರುವುದು ಯಾವಾಗ? "ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ ನಿಮ್ಮದು ಕೊಡುತ್ತೇನೆ." ಬೆಂಗಳೂರಿನಲ್ಲಿ ಮನೆ ಬಿಟ್ಟವರೆಲ್ಲ ಕೇಳಿರುವ ಮಾತಿದು. ನಮ್ಮ ಮಾಲೀಕರೂ ಹಾಗೆಯೇ ಹೇಳಿದರು. ಅದರಲ್ಲಿ ಮೋಸವಿಲ್ಲ. ನಾವು ಕೊಟ್ಟ ಹಣದಿಂದ ಅವರು 2019ರಲ್ಲಿ ನಮಗಿಂತ ಮುಂಚೆ ಇದ್ದವರ ಅಡ್ವಾನ್ಸ್ ತೀರಿಸಿದರು, ಉಳಿದದ್ದು ಮಗಳ ಮದುವೆಗೆ ಹೋಯಿತು. ಈಗ ನಮಗೆ ಕೊಡಬೇಕಾದರೆ ಇನ್ನೊಬ್ಬರು ಬರಬೇಕು. ಬರುವ ಆ ಕುಟುಂಬವೂ ತನ್ನ ಹಳೆಯ ಮಾಲೀಕರಿಂದ ಅಡ್ವಾನ್ಸ್ ಬಿಡಿಸಿಕೊಳ್ಳಲು ಮತ್ತೊಂದು ಕುಟುಂಬಕ್ಕಾಗಿ ಕಾಯುತ್ತಿರುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿಗೆ ಎರಡು ತಿಂಗಳು ಸಂಬಳ ತಪ್ಪಿದರೆ ಆ ಕೊಂಡಿ ಬೀದಿಗೆ ಬೀಳುತ್ತದೆ, ಉಳಿದವರು ಅದರ ಮೇಲೆ ದಾಟಿ ಹೋಗುತ್ತಾರೆ. ಬಾಡಿಗೆ ನಿಂತಾಗ ಆಸರೆಯಾಗಲಿ ಎಂದು ಇಟ್ಟ ಹಣ ಬಾಡಿಗೆ ನಿಂತ ದಿನವೇ ಉಪಯೋಗಕ್ಕೆ ಬಾರದೆ ಹೋದರೆ ಅದು ಯಾವ ಭದ್ರತೆ? ಯಾರಿಗೆ ಭದ್ರತೆ?

ಕಾನೂನು ಏನು ಹೇಳುತ್ತದೆ ಎಂದು ತಿಳಿಯಲು ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರೊಬ್ಬರನ್ನು ಕಂಡೆ. 1987ರ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಇದು ನನಗೆ ನಲವತ್ಮೂರನೆಯ ವಯಸ್ಸಿನಲ್ಲಿ ತಿಳಿಯಿತು. ಆ ವಕೀಲರು ಅರ್ಧ ಗಂಟೆ ಕುಳಿತು ಬಿಡಿಸಿ ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ.

ನಮ್ಮ ರಾಜ್ಯದಲ್ಲಿ ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆ. ಬಾಕಿ ಕೇಳಿ ನೋಟಿಸ್ ಕೊಟ್ಟ ಮೇಲೆ ಅದನ್ನು ತೀರಿಸಲು ಎರಡು ತಿಂಗಳು ಅವಕಾಶ ಕೊಡುವ ಕಾಯ್ದೆ ಅದು. ಆದರೆ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗೆ ಅದು ಅನ್ವಯಿಸುವುದಿಲ್ಲ. 1999ರಲ್ಲಿ ಬರೆದ ಆ ಅಂಕಿ ಈಗ ಲಗ್ಗೆರೆಯಲ್ಲಿ ಒಂದು ಕೋಣೆಗೂ ಸಾಲದು. ಹೀಗಾಗಿ ಕಾಯ್ದೆ ಪುಸ್ತಕದಲ್ಲಿ ಉಳಿದಿದೆ, ನಮ್ಮಂಥವರೆಲ್ಲ ಅದರ ಹೊರಗಿದ್ದೇವೆ. ಹೊರಗಿದ್ದವರಿಗೆ ಸ್ವತ್ತು ವರ್ಗಾವಣೆ ಕಾಯ್ದೆ, ಅದು 1882ರದ್ದು. ಅದರ 106ನೇ ಕಲಮಿನಂತೆ ತಿಂಗಳ ಬಾಡಿಗೆಯ ಮನೆಯನ್ನು ಹದಿನೈದು ದಿನದ ನೋಟಿಸ್ ಕೊಟ್ಟು ಬಿಡಿಸಬಹುದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಎಲ್ಲರೂ ಹನ್ನೊಂದು ತಿಂಗಳ ಕರಾರು ಪತ್ರ ಬರೆಯುತ್ತಾರೆ. ನಮ್ಮದೂ ಹನ್ನೊಂದು ತಿಂಗಳದ್ದೇ, ಒಂದೇ ಒಂದು ಸಲ ಬರೆದದ್ದು. ಆಮೇಲಿನ ವರ್ಷಗಳೆಲ್ಲ ಬಾಯಿಮಾತಿನಲ್ಲಿ ಮುಂದುವರಿದವು.

ಹಾಗೆಂದು ನೋಟಿಸ್ ಕೊಟ್ಟವರು ತಾವೇ ಬೀಗ ಹಾಕುವಂತಿಲ್ಲ. ಹೋಗದಿದ್ದರೆ ದಾವೆ ಹೂಡಬೇಕು. ಕಾನೂನಿನ ಕ್ರಮ ಬಿಟ್ಟು ಹೊರಗೆ ಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಇದನ್ನು ಕೇಳಿದಾಗ ನನಗೆ ಪಕ್ಕದ ಕಟ್ಟಡದ ಹಿಂದಿನ ಕೋಣೆಯಲ್ಲಿದ್ದ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು ನೆನಪಾದಳು. ಎರಡು ವರ್ಷದ ಹಿಂದೆ ನಡೆದದ್ದು. ಸಂಜೆ ಏಳಕ್ಕೆ ಶಿಫ್ಟ್ ಮುಗಿಸಿ ಬಂದರೆ ಬಾಗಿಲಿಗೆ ಬೇರೆ ಬೀಗ. ಪಾತ್ರೆ, ಹಾಸಿಗೆ, ಮಗುವಿನ ಶಾಲೆಯ ಚೀಲ ಮೆಟ್ಟಿಲ ಮೇಲೆ. ಅನ್ನದ ತಪ್ಪಲೆಯಲ್ಲಿ ಬೆಳಿಗ್ಗೆ ಮಾಡಿಟ್ಟ ಅನ್ನ ಹಾಗೆಯೇ ಇತ್ತು. ಅವಳು ಅದನ್ನು ಅಲ್ಲಿಯೇ ಕುಳಿತು ಮಗುವಿಗೆ ತಿನ್ನಿಸಿದಳು, ನಾವು ಅಕ್ಕಪಕ್ಕದವರು ಉಪ್ಪಿನಕಾಯಿ ಕೊಟ್ಟೆವು. ಬೇರೇನೂ ಮಾಡಲು ನಮಗೆ ತಿಳಿಯಲಿಲ್ಲ. ರಾತ್ರಿಯೇ ಸಾಮಾನು ಕಟ್ಟಿಕೊಂಡು ಮಂಡ್ಯದ ಕಡೆಯ ತನ್ನ ಊರಿಗೆ ಹೋದಳು. ಆರು ತಿಂಗಳೊಳಗೆ ಹಿಂತಿರುಗಿ ಮನೆ ಕೇಳಬಹುದು ಎಂಬ ಕಲಂ ಆಗಲೂ ಇತ್ತು. ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ದಿನದ ಹಾಜರಿ ತಪ್ಪಿದರೆ ಸಂಬಳ ಕಡಿತವಾಗುವವಳು ಸಿವಿಲ್ ನ್ಯಾಯಾಲಯದ ಮೆಟ್ಟಿಲು ಎಷ್ಟು ದಿನ ಹತ್ತುತ್ತಿದ್ದಳು?

ಶಿಕ್ಷಕಿಯಾಗಿ ಇನ್ನೊಂದು ಮಾತು ಹೇಳಬೇಕು. ಪ್ರತಿ ವರ್ಷ ದಸರೆಯ ಹೊತ್ತಿಗೆ ನನ್ನ ಹಾಜರಿ ಪುಸ್ತಕದಲ್ಲಿ ಎರಡೋ ಮೂರೋ ಹೆಸರುಗಳ ಮೇಲೆ ಕೆಂಪು ಗೆರೆ ಬೀಳುತ್ತದೆ. ಕಾರಣದ ಜಾಗದಲ್ಲಿ "ಮನೆ ಬದಲಾವಣೆ" ಎಂದು ಬರೆಯುತ್ತೇವೆ. ಆ ಎರಡು ಪದಗಳ ಹಿಂದೆ ಏನಿರುತ್ತದೆ ಎಂದು ಹಲವು ವರ್ಷ ನಾನು ಯೋಚಿಸಿರಲಿಲ್ಲ. ಈ ತಿಂಗಳು ನನ್ನ ಸ್ವಂತ ಮಗಳ ಹೆಸರಿನ ಮುಂದೆ ಅದನ್ನು ಬರೆಯಬೇಕಾಗುವುದೇನೋ ಎಂಬ ಭಯದಲ್ಲಿದ್ದೇನೆ. ಮುಂದಿನ ವರ್ಷ ಅವಳು ಎಸ್ಸೆಸ್ಸೆಲ್ಸಿ.

ಮಾನ್ಯ ಮುಖ್ಯಮಂತ್ರಿಗಳೇ, ಬಾಡಿಗೆದಾರರು ಸರ್ಕಾರದ ಕಣ್ಣಿಗೆ ಬಿದ್ದಿಲ್ಲವೆಂದು ನಾನು ಹೇಳುವುದಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದಾಗ ಮೀಟರ್ ಮಾಲೀಕರ ಹೆಸರಿನಲ್ಲಿದ್ದರೂ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ತನ್ನು ಬಾಡಿಗೆದಾರರಿಗೂ ಕೊಟ್ಟಿರಿ. ಒಂದೊಂದು ಮೀಟರಿನ ಹಿಂದೆ ಯಾವ ಬಾಡಿಗೆ ಕುಟುಂಬವಿದೆ ಎಂಬುದು ಇವತ್ತು ಸರ್ಕಾರದ ದಾಖಲೆಯಲ್ಲಿದೆ. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ವಲಸೆ ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು, ಕಾರ್ಮಿಕರನ್ನೂ ವಿದ್ಯಾರ್ಥಿಗಳನ್ನೂ ಬಲವಂತವಾಗಿ ಮನೆ ಬಿಡಿಸಬಾರದು ಎಂದು ಆದೇಶಿಸಿತ್ತು. 2021ರಲ್ಲಿ ರಾಜ್ಯ ಸರ್ಕಾರ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ 5,000 ರೂಪಾಯಿ ನೆರವು ನೀಡಿತು. ನನ್ನ ಪಾಲಿನ 5,000 ಬಂದ ದಿನವೇ ಬಾಡಿಗೆಗೆ ಹೋಯಿತು, ನೀಲಿ ಪುಸ್ತಕದಲ್ಲಿ ಅದರ ಸಹಿಯೂ ಇದೆ.

2025ರ ಆರಂಭದಲ್ಲಿ ಕಿರು ಸಾಲ ವಸೂಲಿಯ ಹೆಸರಿನಲ್ಲಿ ನಡೆಯುತ್ತಿದ್ದ ಕಿರುಕುಳ ತಡೆಯಲು ರಾಜ್ಯ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದಿತು. ಸಂಘದ ಸಾಲ ಪಡೆದ ನನ್ನಂಥವರು ಅದರಿಂದ ಉಸಿರು ಬಿಟ್ಟೆವು. ಸಾಲ ಕೊಟ್ಟವರು ಮನೆಯ ಮುಂದೆ ಬಂದು ಕೂರುವುದು, ಬೆದರಿಸುವುದು ತಪ್ಪು ಎನ್ನುವುದಾದರೆ, ಬಾಡಿಗೆ ಬಾಕಿಗಾಗಿ ನೀರಿನ ವಾಲ್ವ್ ಕಳಚುವುದು ಮತ್ತು ಬೀಗ ಬದಲಿಸುವುದು ಯಾಕೆ ಇನ್ನೂ "ಸಿವಿಲ್ ವಿಷಯ"ವಾಗಿಯೇ ಉಳಿದಿದೆ? ನಮ್ಮ ಮಾಲೀಕರಂಥವರನ್ನು ಜೈಲಿಗೆ ಕಳುಹಿಸಬೇಕೆಂದು ನಾನು ಕೇಳುತ್ತಿಲ್ಲ. ಅಂಥ ಕೆಲಸಕ್ಕೆ ಕೈ ಹಾಕುವ ಮುನ್ನ ಅವರು ಹೋಗಬಹುದಾದ ಒಂದು ಜಾಗ ಬೇಕು ಎನ್ನುತ್ತಿದ್ದೇನೆ.

ಅದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಜುಲೈ 10ರಂದು ನನ್ನ ಜೂನ್ ಸಂಬಳ ಬಂತು. ಅಂದೇ ಸಂಜೆ 10,000 ರೂಪಾಯಿಯನ್ನು ಲಕೋಟೆಯಲ್ಲಿಟ್ಟುಕೊಂಡು ಕೆಳಗೆ ಹೋದೆ. ಮುಂದಿನ ತಿಂಗಳಿನಿಂದ ಬಾಡಿಗೆಯ ಜೊತೆ ಬಾಕಿಗೆಂದು 5,000 ಸೇರಿಸಿ ಕೊಡುತ್ತೇನೆ, ಏಳು ತಿಂಗಳೊಳಗೆ ಬಾಕಿ ಪೂರ್ತಿ ತೀರುತ್ತದೆ, ಬೇಕಾದರೆ ಬರೆದು ಕೊಡುತ್ತೇನೆ ಎಂದೆ. ಮಾಲೀಕರು ಲಕೋಟೆ ಮುಟ್ಟಲಿಲ್ಲ. ಮನೆ ಬಿಡಲು ಹೇಳಿದ ಮೇಲೆ ಬಾಡಿಗೆ ತೆಗೆದುಕೊಂಡರೆ ಕೊಟ್ಟ ನೋಟಿಸ್ ಬಿದ್ದುಹೋಗುತ್ತದೆ, ಆಮೇಲೆ ಇವರನ್ನು ಎಂದೂ ಬಿಡಿಸಲಾಗುವುದಿಲ್ಲ ಎಂದು ಅವರಿಗೆ ತಿಳಿದವರೊಬ್ಬರು ಹೇಳಿದ್ದಾರಂತೆ. ಹಣ ಬೇಕಾದವರ ಮುಂದೆ ಹಣ ಇದೆ, ಕಾನೂನಿನ ಭಯದಿಂದ ಅವರು ಅದನ್ನು ತೆಗೆದುಕೊಳ್ಳಲಾರರು. ಕೊಡಬೇಕಾದವರು ಕೊಡಲು ಬಂದಿದ್ದಾರೆ, ಅದು ದಾಖಲೆಯಾಗದು. ಅವರ ಹೆಂಡತಿ ಒಳಗಿನಿಂದ "ತಗೊಳ್ಳಿ, ಬ್ಯಾಂಕಿಗೆ ಕಟ್ಟಬೇಕಲ್ಲ" ಎಂದರು. ಅವರು ತಲೆ ಅಲ್ಲಾಡಿಸಿದರು. ಆ ಲಕೋಟೆ ಈಗ ನಮ್ಮ ಅಕ್ಕಿ ಡಬ್ಬಿಯಲ್ಲಿದೆ. ಅದನ್ನು ಬೇರೆ ಯಾವುದಕ್ಕೂ ಮುಟ್ಟಬಾರದೆಂದು ಪತಿಗೂ ಮಕ್ಕಳಿಗೂ ಹೇಳಿದ್ದೇನೆ.

ಆದ್ದರಿಂದ ನನ್ನ ಮೊದಲ ಕೋರಿಕೆ ಇದು: ಪ್ರತಿ ವಾರ ಒಂದು ದಿನ, ವಾರ್ಡ್ ಕಚೇರಿಯಲ್ಲೋ ಹತ್ತಿರದ ಸರ್ಕಾರಿ ಶಾಲೆಯಲ್ಲೋ, ಬಾಡಿಗೆ ಬಾಕಿಯ ಮಧ್ಯಸ್ಥಿಕೆಗೆಂದೇ ಒಬ್ಬ ಅಧಿಕಾರಿ ಮತ್ತು ಕಾನೂನು ಸೇವೆಗಳ ಪ್ರಾಧಿಕಾರದ ಒಬ್ಬ ವಕೀಲರು ಕೂರಲಿ. ದಾವೆ ಹೂಡುವ ಮುನ್ನವೇ ರಾಜಿ ಮಾಡಿಸುವ ಅವಕಾಶ ಲೋಕ ಅದಾಲತ್ ವ್ಯವಸ್ಥೆಯಲ್ಲಿ ಈಗಾಗಲೇ ಇದೆ. ಅಲ್ಲಿ ಕಂತಿನ ಒಪ್ಪಂದ ಬರೆಯಿಸಿ, ಹಣ ತೆಗೆದುಕೊಂಡರೂ ಮಾಲೀಕರ ಹಕ್ಕಿಗೆ ಚ್ಯುತಿಯಿಲ್ಲವೆಂದು ದಾಖಲಿಸಿ, ಸಹಿ ಹಾಕಿಸಿದರೆ ನಮ್ಮಂಥ ಹತ್ತು ಪ್ರಕರಣಗಳಲ್ಲಿ ಹೆಚ್ಚಿನವು ಅಲ್ಲಿಯೇ ಮುಗಿಯುತ್ತವೆ ಎಂದು ನನ್ನ ನಂಬಿಕೆ. ಒಪ್ಪಂದ ನಡೆಯುತ್ತಿರುವಷ್ಟು ದಿನ ಮನೆ ಬಿಡಿಸಬಾರದು. ಕಂತು ತಪ್ಪಿದರೆ ಮಾಲೀಕರಿಗೆ ಬೇಗ ಆದೇಶ ಸಿಗಬೇಕು, ಅದೂ ನ್ಯಾಯವೇ.

1999ರ ಕಾಯ್ದೆಯ 3,500 ರೂಪಾಯಿ ಮಿತಿಯನ್ನು ಇಂದಿನ ಬಾಡಿಗೆಗೆ ತಕ್ಕಂತೆ ಏರಿಸಿ, ಅಥವಾ ಅದರ ಬದಲಿಗೆ ಹೊಸ ಕಾಯ್ದೆ ತನ್ನಿ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಪಡೆಯುವಂತಿಲ್ಲ, ನೀರು ಮತ್ತು ವಿದ್ಯುತ್ ಕಡಿತ ಮಾಡುವಂತಿಲ್ಲ. ಪಕ್ಕದ ತಮಿಳುನಾಡು 2017ರ ತನ್ನ ಕಾಯ್ದೆಯಲ್ಲಿ ಮೂರು ತಿಂಗಳ ಮಿತಿ ಹಾಕಿಕೊಂಡಿದೆ. ಮಾದರಿ ಕಾಯ್ದೆಯ ಎಲ್ಲವನ್ನೂ ಒಪ್ಪಿಕೊಳ್ಳಿ ಎನ್ನುವುದಿಲ್ಲ. ಅವಧಿ ಮುಗಿದ ಮೇಲೂ ಮನೆ ಬಿಡದವರಿಗೆ ಎರಡು ಪಟ್ಟು, ನಾಲ್ಕು ಪಟ್ಟು ಬಾಡಿಗೆ ಹೇರುವ ಅದರ ನಿಯಮ ನಮ್ಮಂಥವರನ್ನು ಇನ್ನಷ್ಟು ಆಳಕ್ಕೆ ತಳ್ಳುತ್ತದೆ. ಅಡ್ವಾನ್ಸ್‌ನ ಮಿತಿಯನ್ನಂತೂ ನಮ್ಮ ರಾಜ್ಯ ತಡಮಾಡದೆ ತರಬೇಕು. ಈಗಾಗಲೇ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಕುಳಿತವರ ಬಾಕಿಯನ್ನು, ಕನಿಷ್ಠ ಮೂರು ತಿಂಗಳವರೆಗಾದರೂ, ಆ ಹಣದಲ್ಲೇ ಹೊಂದಿಸಿಕೊಳ್ಳಲು ಬಾಡಿಗೆದಾರರು ಕೇಳಬಹುದು ಎಂಬ ನಿಯಮವನ್ನೂ ಅದರಲ್ಲಿ ಸೇರಿಸಿ.

ಪೊಲೀಸ್ ಠಾಣೆಗಳಿಗೆ ಒಂದು ಸುತ್ತೋಲೆ ಸಾಕು. ನ್ಯಾಯಾಲಯದ ಆದೇಶವಿಲ್ಲದೆ ಬೀಗ ಹಾಕಿದ, ಸಾಮಾನು ಹೊರಗಿಟ್ಟ, ನೀರು ವಿದ್ಯುತ್ ನಿಲ್ಲಿಸಿದ ದೂರು ಬಂದರೆ ಸ್ವೀಕೃತಿ ಕೊಡಬೇಕು, ಅಂದೇ ಬಂದು ನೋಡಬೇಕು, ಕಾನೂನು ನೆರವಿನ 15100 ಸಂಖ್ಯೆಯನ್ನು ಬರೆದುಕೊಡಬೇಕು. ಇದಕ್ಕೆ ಹೊಸ ಕಾಯ್ದೆಯೂ ಬೇಡ, ಹೊಸ ಅನುದಾನವೂ ಬೇಡ.

ಕೊನೆಯದಾಗಿ, ಸರ್ಕಾರ ಮನೆಯಿಲ್ಲದವರಿಗೆ ಮನೆ ಕಟ್ಟಿಸಿಕೊಡುತ್ತದೆ. ಇರುವ ಬಾಡಿಗೆ ಮನೆ ಕಳೆದುಕೊಳ್ಳಲಿರುವ ಕುಟುಂಬಕ್ಕೆ ಎರಡು ಮೂರು ತಿಂಗಳ ಬಾಡಿಗೆಯಷ್ಟು ಬಡ್ಡಿರಹಿತ ಸಾಲ ಸಿಗುವಂತೆ ಮಾಡಿದರೆ, ಅದನ್ನು ನೇರವಾಗಿ ಮಾಲೀಕರ ಖಾತೆಗೆ ಹಾಕಿ ಕಂತಿನಲ್ಲಿ ನಮ್ಮಿಂದ ವಾಪಸ್ ಪಡೆದರೆ, ಒಂದು ಮನೆ ಕಟ್ಟಿಸುವ ವೆಚ್ಚದಲ್ಲಿ ಎಷ್ಟೋ ಮನೆಗಳು ಉಳಿಯುತ್ತವೆ. ಖಾಸಗಿ ಶಾಲೆಗಳ ಹತ್ತು ತಿಂಗಳ ಸಂಬಳದ ರೂಢಿಯ ಬಗ್ಗೆ ಶಿಕ್ಷಣ ಇಲಾಖೆಗೆ ಪ್ರತ್ಯೇಕವಾಗಿ ಬರೆಯುತ್ತೇನೆ. ಅದರ ಬೇರು ಇಲ್ಲಿಯೂ ಇದೆ ಎಂಬುದಷ್ಟೇ ತಮ್ಮ ಗಮನಕ್ಕೆ.

ಆಗಸ್ಟ್ 10ರಂದು ನನ್ನ ಜುಲೈ ಸಂಬಳ ಬರುತ್ತದೆ. ಅಷ್ಟರಲ್ಲಿ ನಾವು ಈ ಮನೆಯಲ್ಲೇ ಇದ್ದರೆ, ಅಕ್ಕಿ ಡಬ್ಬಿಯ ಲಕೋಟೆಗೆ 14,500 ಸೇರಿಸಿ, ನೀಲಿ ಪುಸ್ತಕ ಹಿಡಿದು ಮತ್ತೆ ಕೆಳಗಿಳಿಯುತ್ತೇನೆ. ಏಪ್ರಿಲ್ ಎಂದು ಬರೆದಿರುವ ಸಾಲಿನ ಪಕ್ಕದಲ್ಲಿ ಅವರು ಧೈರ್ಯವಾಗಿ ಸಹಿ ಹಾಕುವಂತಾಗಲು ಯಾವ ಕಚೇರಿಗೆ ಅವರನ್ನು ಕರೆದುಕೊಂಡು ಹೋಗಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕನ್ನಡ ಶಿಕ್ಷಕಿ
ಲಗ್ಗೆರೆ, ಬೆಂಗಳೂರು